ಹೊಗೆ ಆರದ ಕೋಣೆ

ಬಜೆ ಬೇರನ್ನು ಕೆಂಡದ ಮೇಲೆ ಹಾಕಿದರೆ ಮೊದಲು ಗಂಟಲು ಕೆರೆಯುವ ಕಹಿ ವಾಸನೆ ಏಳುತ್ತದೆ. ಅದರ ಬೆನ್ನಿಗೇ ಸಾಂಬ್ರಾಣಿಯ ಸಿಹಿ. ಬೆಳ್ಳುಳ್ಳಿ ಸಿಪ್ಪೆ ಸುಟ್ಟ ನಾತ ಕೊನೆಗೆ ಬಂದು ಬಟ್ಟೆಗೆ ಅಂಟಿಕೊಳ್ಳುತ್ತದೆ. ಆಂಡರ್ಸನ್‌ಪೇಟೆಯ ನಮ್ಮ ಮನೆಯಲ್ಲಿ ಒಂದು ವರ್ಷ ಈ ವಾಸನೆ ಸಂಕ್ರಾಂತಿಗೆ ಹುಟ್ಟಿ ಯುಗಾದಿ ದಾಟಿದರೂ ಹೋಗಲಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು, "ಏನೇ, ನೀನೇ ಹಡೆದಿದ್ದೀಯಾ?" ಎಂದು ಕೇಳುತ್ತಿದ್ದಳು. ನಾನು ನಗುತ್ತಿದ್ದೆ. ಆ ಹೊಗೆ ಇದ್ದಷ್ಟು ದಿನ ನಮ್ಮ ಅಣ್ಣ ಅತ್ತಿಗೆಯ ಮೇಲೆ ಕೈ ಮಾಡಲಿಲ್ಲ.

ನಮ್ಮೂರ ಚಿನ್ನದ ಗಣಿ ಸರ್ಕಾರದ ಕೈಗೆ ಬಂದ ಹೊಸದು. ಅಪ್ಪ ಚಿಕ್ಕವೆಂಕಟಪ್ಪ ನೆಲದಡಿಯಲ್ಲಿ ಬಂಡೆ ಕುಸಿಯದಂತೆ ಮರ ಆನಿಸುವ ಕೆಲಸದಲ್ಲಿದ್ದರು. ಅಣ್ಣ ಮುನಿಶಾಮಿ ಬಂಡೆಗೆ ಡ್ರಿಲ್ ಹಿಡಿಯುತ್ತಿದ್ದ. ಡ್ರಿಲ್ಲಿನ ಅದುರು ಅವನ ಕೈಯಲ್ಲೇ ಉಳಿದು, ಊಟಕ್ಕೆ ಕೂತರೂ ಬೆರಳು ನಡುಗುತ್ತಿದ್ದವು. ಹೊಡೆಯುವಾಗ ಮಾತ್ರ ನಡುಗುತ್ತಿರಲಿಲ್ಲ.

ಮುದ್ದೆ ಗಟ್ಟಿಯಾಯಿತೆಂದು ಒಂದು ದಿನ ಹಿತ್ತಾಳೆ ಚೊಂಬು ಎಸೆದ. ಕನಕತ್ತಿಗೆಯ ಮುಂದಿನ ಹಲ್ಲು ಮುರಿಯಿತು. ಅದರ ಹಿಂದಿನ ವರ್ಷ ಒದ್ದಿದ್ದಕ್ಕೆ ಅವಳ ಏಳು ತಿಂಗಳ ಬಸಿರು ಹೋಗಿತ್ತು. "ನಲ್ಲಿ ಹತ್ರ ಪಾಚಿ ಮೇಲೆ ಜಾರಿಬಿದ್ಲು" ಎಂದು ಬೀದಿಗೆಲ್ಲ ಹೇಳಿದವಳು ನಮ್ಮಮ್ಮ ಆದಿಲಕ್ಷ್ಮಮ್ಮ. ಬೀದಿಯವರು ಹೌದೌದು ಎಂದರು. ಅಮ್ಮನ ಎಡಗಿವಿ ನಾನು ಹುಟ್ಟುವ ಮೊದಲೇ ಕೇಳಿಸುತ್ತಿರಲಿಲ್ಲ. ಅದು ಹೇಗೆ ಹೋಯಿತೆಂದು ಆ ಬೀದಿಯಲ್ಲಿ ಯಾರೂ ಕೇಳಿದವರಲ್ಲ.

ಸಂಕ್ರಾಂತಿಯ ವಾರ ಅತ್ತಿಗೆ ಮನೆಯಲ್ಲೇ ಗಂಡುಮಗು ಹೆತ್ತಳು. ಬಾಣಂತನಕ್ಕೆ ತವರಿಗೆ ಹೋಗಬೇಕಿತ್ತು. ಆದರೆ ಕಾಮಸಮುದ್ರದಲ್ಲಿ ಅವಳ ತಾಯಿ ಸತ್ತು ಬಹಳ ಕಾಲವಾಗಿತ್ತು. ಹಾಗಾಗಿ ಒಳಗಿನ ಚಿಕ್ಕ ಕೋಣೆ ಬಾಣಂತಿ ಕೋಣೆಯಾಯಿತು. ಅಮ್ಮ ಕಿಟಕಿಗೆ ಗೋಣಿ ಕಟ್ಟಿದಳು, ಹೊಸಿಲಲ್ಲಿ ಬೇವಿನ ಸೊಪ್ಪು ಸಿಕ್ಕಿಸಿದಳು, ಕುಂಪಟಿಯಲ್ಲಿ ಕೆಂಡ ತುಂಬಿ ಒಳಗಿಟ್ಟಳು. ಬೈಗುಳವೂ ಅವತ್ತೇ ಶುರುವಾಯಿತು.

"ತಣ್ಣೀರು ಮುಟ್ಟಿದ್ರೆ ಕೈ ಮುರೀತೀನಿ. ಎದ್ದು ಕೂತ್ರೆ ಸೊಂಟ ಮುರೀತೀನಿ. ತಿಳೀತಾ?"

"ಎಲ್ಲಾ ನೀವೇ ಮುರಿದ್ರೆ ನಿಮ್ಮ ಮಗನ್ಗೆ ಏನುಳೀತದೆ ಅತ್ತಮ್ಮಾ?" ಎಂದಳು ಅತ್ತಿಗೆ. ಹೆತ್ತ ಸುಸ್ತಿನಲ್ಲೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಮ್ಮ ತಲೆಗೊಂದು ಮೊಟಕಿದಳು.

ಲಕ್ಕಿ ಸೊಪ್ಪು, ಹುಣಸೆ ಸೊಪ್ಪು ಹಾಕಿ ಹಂಡೆಯಲ್ಲಿ ನೀರು ಕುದಿಸಿ, ಬಿಸಿ ತಡೆಯುವಷ್ಟು ಹದ ಮಾಡಿ ಸ್ನಾನ ಮಾಡಿಸುವುದು. ಸೊಪ್ಪನ್ನು ಅಪ್ಪನೇ ಮಾರಿಕುಪ್ಪಂ ಕಡೆಯ ಹಳ್ಳದಿಂದ ಕೆಲಸ ಬಿಟ್ಟು ಬರುವಾಗ ಕೊಯ್ದು ತರುತ್ತಿದ್ದರು. ತಂದಿದ್ದನ್ನು ಹೇಳದೆ ಬಚ್ಚಲ ಬಾಗಿಲಲ್ಲಿ ಎಸೆದು ಹೋಗುತ್ತಿದ್ದರು. ಬಾಣಂತಿಗೆ ನೀರು ಸುರಿಯುವುದಲ್ಲ, ಬೀಸಿ ಹೊಡೆಯುವುದು. ಅಮ್ಮ ಒಂದು ಕಾಲು ಹಿಂದಕ್ಕಿಟ್ಟು, ಚೊಂಬು ಹಿಡಿದ ತೋಳನ್ನು ಬೆನ್ನ ಹಿಂದಕ್ಕೆ ಒಯ್ದು, ಗುರಿ ನೋಡಿ ಸೊಂಟಕ್ಕೆ ಬೀಸುತ್ತಿದ್ದಳು. ಛಟೀರೆಂದು ಸದ್ದಾಗುತ್ತಿತ್ತು.

"ಅಯ್ಯೋ, ಸುಡ್ತದೆ ಅತ್ತಮ್ಮಾ!"

"ಸುಡ್ಲಿ. ಗೋಡೆ ಹಿಡ್ಕೋ. ಸುಟ್ರೇನೇ ಸೊಂಟ ನಿಲ್ಲೋದು."

ಮೊದಲ ಸ್ನಾನದ ದಿನ ಸೊಪ್ಪು ತೆಗೆದುಹಾಕಲು ನಾನೂ ಬಚ್ಚಲಲ್ಲಿದ್ದೆ. ಅತ್ತಿಗೆ ಗೋಡೆಗೆ ತಿರುಗಿದಾಗ ಅವಳ ಬೆನ್ನಿನ ಮೇಲೆ ಅಗಲವಾದ ಹಸಿರು ಬರೆ ಕಂಡಿತು. ಗಣಿಯೊಳಗೆ ದೀಪದ ಬ್ಯಾಟರಿ ಸಿಕ್ಕಿಸಿಕೊಳ್ಳುವ ಬೆಲ್ಟಿನಷ್ಟೇ ಅಗಲ. ಅಮ್ಮ ಎತ್ತಿದ ಚೊಂಬನ್ನು ಇಳಿಸಿದಳು.

"ಇದು ಯಾವಾಗಿಂದು?"

"ಹೋದ ಅಮಾವಾಸ್ಯೇದು."

"ತುಂಬಿದ ಹೊಟ್ಟೆ ಹೊತ್ಕೊಂಡಿದ್ದಾಗ್ಲೇನಾ?"

ಅಮ್ಮ ಎರಡು ಬೆರಳಿಂದ ಬರೆಯನ್ನು ಸವರಿದಳು. ಆಮೇಲೆ ಆ ಜಾಗದ ಮೇಲೆ ನೀರು ಬೀಸಲಿಲ್ಲ, ಮಗುವಿಗೆ ಹಾಕುವಂತೆ ಅಂಗೈಯಲ್ಲಿ ತಡೆದು ಇಳಿಬಿಟ್ಟಳು. ಹೊರಗೆ ಬಂದ ಮೇಲೆ, "ಸೊಪ್ಪು ನೆಟ್ಟಗೆ ಸೋಸೋಕ್ಕೂ ಬರಾಕಿಲ್ವಾ ನಿಂಗೆ?" ಎಂದು ನನ್ನ ಬೆನ್ನಿಗೆ ಗುದ್ದಿದಳು.

ನಮ್ಮಲ್ಲಿ ಬಾಣಂತನ ಮುಗಿಯುವುದು ಗಂಗೆಪೂಜೆಯಿಂದ. ಹಳ್ಳಿಯಲ್ಲಾದರೆ ಬಾವಿಗೆ, ನಮ್ಮ ಬೀದಿಯಲ್ಲಿ ನಲ್ಲಿಗೆ. ಬಾಣಂತಿ ತಲೆಗೆ ನೀರು ಹಾಕಿಕೊಂಡು, ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಬಿಂದಿಗೆ ನೀರು ಹೊತ್ತು ತಂದರೆ ಅಡಿಗೆಮನೆಗೂ ಬರಬಹುದು, ಗಂಡನ ಮಗ್ಗುಲಿಗೂ ಬರಬಹುದು. ಅಲ್ಲಿಯವರೆಗೆ ಅವಳ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ, ಅವಳ ತಟ್ಟೆ ಮುಟ್ಟುವಂತಿಲ್ಲ. ಗಣಿ ಮನೆಗಳಲ್ಲಿ ಈ ಕಟ್ಟು ಇನ್ನೂ ಬಿಗಿ. ಬಾಣಂತಿ ಮೈಲಿಗೆ ಮೈಯಲ್ಲಿಟ್ಟುಕೊಂಡು ಗಣಿಯೊಳಕ್ಕೆ ಇಳಿಸುವ ಕೇಜಿನಲ್ಲಿ ಇಳಿದರೆ ಒಳಗಿನ ಬಂಡೆ ಸಹಿಸುವುದಿಲ್ಲ ಎಂಬ ಹೆದರಿಕೆ.

ಬೇರೆಯವರು ತಿಂಗಳು ತುಂಬುತ್ತಲೇ ನಲ್ಲಿಗೆ ಹೋಗುತ್ತಿದ್ದರು. ತಿಂಗಳಾದಾಗ ಅಮ್ಮ, "ಮೈಗೆ ಶೀತ ಹೊಕ್ಕೈತೆ, ಇನ್ನೊಂದಷ್ಟು ದಿನ ಆಗ್ಲಿ" ಎಂದಳು. ಆಮೇಲೆ ಮಗುವಿಗೆ ಕೆಮ್ಮು ಎಂದಳು. ಆಮೇಲೆ, "ರಾತ್ರಿ ಕಣ್ಣು ಬಿಟ್ಕೊಂಡು ಮಲಗ್ತಾಳೆ, ಸನ್ನಿ ಹಿಡಿಯೋ ಹಂಗೈತೆ" ಎಂದಳು. ಅತ್ತಿಗೆ ಗೊರಕೆ ಹೊಡೆದು ಮಲಗುತ್ತಿದ್ದುದು ನನಗೆ ಗೊತ್ತಿತ್ತು. ಎದುರುಮನೆ ಗಂಗರತ್ನಮ್ಮ ನಮ್ಮ ಒಲೆ ಆರಿದಾಗಲೆಲ್ಲ ಇಕ್ಕಳದಲ್ಲಿ ಕೆಂಡ ತಂದು ಕೊಡುತ್ತಿದ್ದಳು. ಅವಳೂ ಒಂದು ದಿನ, "ಏನಕ್ಕಾ, ಕೂಸು ಮೀಸೆ ಬಿಟ್ಟ ಮೇಲೇನಾ ಗಂಗೆಪೂಜೆ?" ಎಂದು ನಕ್ಕಳು.

"ನಿನ್ನ ಕೆಂಡ ಕೊಟ್ಟು ಓಗು. ಬಾಯಿ ಮನೇಲಿ ಇಟ್ಟು ಬಾ" ಎಂದಳು ಅಮ್ಮ.

ಮೊದಮೊದಲು ಅಣ್ಣ ತಾಳ್ಮೆಯಿಂದಲೇ ಇದ್ದ. ಮಗುವನ್ನು ಮೊರದಲ್ಲಿಟ್ಟು ಹೊಸಿಲಾಚೆ ತಂದಾಗ ನಡುಗುವ ಬೆರಳನ್ನು ಅದರ ಮುಷ್ಟಿಗೆ ಕೊಟ್ಟು ಕೂರುತ್ತಿದ್ದ. ತೊಟ್ಟಿಲ ಹಗ್ಗವನ್ನು ಬಾಗಿಲ ಸಂದಿಯಿಂದ ನಡುಮನೆಗೆ ಎಳೆದುಕೊಂಡು, ಎಡಗೈಯಲ್ಲಿ ತೂಗುತ್ತ ಬಲಗೈಯಲ್ಲಿ ಉಣ್ಣುತ್ತಿದ್ದ. ಕೆಲಸ ಬಿಟ್ಟು ಬರುವಾಗ ಕಿತ್ತಲೆಹಣ್ಣು ತಂದ. ಬಾಣಂತಿಗೆ ಹುಳಿ ಆಗದೆಂದು ಅಮ್ಮ ಅದನ್ನು ನನಗೆ ಕೊಟ್ಟಳು. ಅವನಿಗೆ ಸಿಟ್ಟು ಬರಲು ಶುರುವಾಗಿದ್ದು ಅಲ್ಲಿಂದ.

"ನಾನು ತಂದಿದ್ದು ಆಗಾಕಿಲ್ಲ, ನೀನು ಅರೆದಿದ್ದೇ ಆಗ್ಬೇಕಾ?"

"ನೀನು ಹೆತ್ತೀಯೇನ್ಲಾ? ಗೊತ್ತಿಲ್ದಿದ್ರೆ ಬಾಯ್ಮುಚ್ಕೊಂಡು ಮುದ್ದೆ ನುಂಗು."

ಅಪ್ಪನದು ಇನ್ನೊಂದು ಗೊಣಗು. "ನಮಗೆಲ್ಲ ರಾಗಿ. ಅವಳಿಗೆ ದಿನಾ ಅನ್ನ, ತುಪ್ಪ. ಈ ಮನೇಲಿ ನಿಂಗೂ ಮೂರು ಬಾಣಂತನ ಆಯ್ತಲ್ಲ, ಯಾವನಾದ್ರೂ ತುಪ್ಪ ಇಕ್ಕಿದ್ನಾ?"

"ಇಕ್ಕಿದ್ದು ಏನು ಅಂತ ನನ್ನ ಕಿವಿ ಹೇಳ್ತೈತೆ" ಎಂದಳು ಅಮ್ಮ.

ಅಪ್ಪ ಒದ್ದೆ ಟವೆಲನ್ನು ಹುರಿಮಾಡಿ ಅವಳ ಮುಖಕ್ಕೆ ಬಾರಿಸಿದರು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗಿ ಬಾಣಂತಿಗೆ ಅನ್ನ ಕಲೆಸಿದಳು. ಬಿಸಿ ಅನ್ನದ ನಡುವೆ ಹೆಬ್ಬೆರಳಿಂದ ಗುಳಿ ಮಾಡಿ, ಹುರಿದ ಮೆಣಸು ಬೆಳ್ಳುಳ್ಳಿ ಪುಡಿ ಹಾಕಿ, ಗುಳಿ ತುಂಬುವಷ್ಟು ತುಪ್ಪ ಬಿಟ್ಟಳು. ತನಗೆ ಪಾತ್ರೆಯ ತಳದ ಸೀಕಲು ಮುದ್ದೆ ಕೆರೆದುಕೊಂಡಳು.

ಅತ್ತಿಗೆಗೆ ಇದೆಲ್ಲ ಸೆರೆಮನೆಯ ಹಾಗೆ. ಜೀರಿಗೆ ಹಾಕಿದ ಬಿಸಿನೀರು ಅರ್ಧ ಲೋಟ ಬಿಟ್ಟರೆ ಕುಡಿಯಲು ಬೇರೇನೂ ಇಲ್ಲ. ಶುಂಠಿ, ಹಿಪ್ಪಲಿ, ಓಮ, ಬೆಲ್ಲ ಹಾಕಿ ಕಾಯಿಸಿದ ಲೇಹ್ಯ ನುಂಗಿ ಬಾಯೆಲ್ಲ ಉರಿ. ಒಂದು ದಿನ ಮಗುವಿನ ಒದ್ದೆ ಬಟ್ಟೆಯನ್ನು ಚೀಪುತ್ತಿದ್ದಾಗ ಅಮ್ಮನ ಕೈಗೆ ಸಿಕ್ಕಿಬಿದ್ದಳು. ಅಮ್ಮ ಕೆನ್ನೆಗೆ ಹೊಡೆದಳು. "ನಿಮ್ಮ ಮಗನೇ ವಾಸಿ. ಒಂದೇ ಸಲಕ್ಕೆ ಒಡೀತಿದ್ರು" ಎಂದು ಅತ್ತಿಗೆ ಅತ್ತಳು. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕುಂಪಟಿಗೆ ಇನ್ನೊಂದು ಚೂರು ಬಜೆ ಹಾಕಿದಳು.

ಯುಗಾದಿಗೆ ಮುಂಚೆ ಅಣ್ಣ ಕುಡಿದು ಬಂದು ಕೋಣೆಯ ಬಾಗಿಲಿಗೆ ಒದ್ದ. ನಡುಮನೆಯ ಗೂಡಿನಲ್ಲಿದ್ದ ಲೇಹ್ಯದ ಭರಣಿಯನ್ನು ನೆಲಕ್ಕೆ ಕುಕ್ಕಿದ. ಕರಿ ಲೇಹ್ಯ ಗೋಡೆಗೆ ಸಿಡಿಯಿತು.

"ಊರ ಬಾಣಂತಿಯರೆಲ್ಲ ನಲ್ಲಿಗೆ ಓಗ್ತವ್ರೆ. ಇವ್ಳೇನು ಮಹಾರಾಣಿನಾ? ಲೇ, ಈಚೆಗೆ ಬಾರೇ!"

ಅಮ್ಮ ಕುಂಪಟಿಯನ್ನು ಎತ್ತಿಕೊಂಡು ಹೊಸಿಲ ಮೇಲೆ ನಿಂತಳು. ಹೊಗೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ.

"ಕಾಲಿಡು ನೋಡಾಣ. ಬಾಣಂತಿ ಮೈಲಿಗೆ ಹೊತ್ಕೊಂಡು ನಾಳೆ ಕೇಜಿಗೆ ಇಳೀತೀಯಾ? ಇಳಿ. ನಿಂಜೊತೆ ಇಳಿಯೋ ಜನಕ್ಕೆ ನಾನೇ ಹೇಳಿ ಬತ್ತೀನಿ."

ಅಷ್ಟರಲ್ಲಿ ನೆಲದಡಿಯಲ್ಲೆಲ್ಲೋ ಬಂಡೆ ಸಿಡಿದು ಮನೆ ಒಮ್ಮೆ ಅದುರಿತು. ನಮ್ಮೂರಲ್ಲಿ ಆಗಾಗ ಆಗುತ್ತಿದ್ದುದೇ. ಗೂಡಿನ ಪಾತ್ರೆಗಳು ಗಲಗಲ ಎಂದವು. ಅಣ್ಣನ ಕಾಲು ಹಿಂದಕ್ಕೆ ಹೋಯಿತು. ಆ ಸಿಟ್ಟನ್ನು ನನ್ನ ಮೇಲೆ ತೀರಿಸಿದ. ನನ್ನ ಜಡೆ ಹಿಡಿದು ಗೋಡೆಗೆ ತಳ್ಳಿದ. ಅವನು ಹೋದ ಮೇಲೆ ಅತ್ತಿಗೆ ಬಾಗಿಲ ಸಂದಿಯಿಂದ ಕೈ ಚಾಚಿ ನನ್ನ ಹಣೆಗೆ ತನ್ನ ಅರಿಶಿನ ಎಣ್ಣೆ ಒತ್ತಿದಳು.

ಒಡೆದ ಭರಣಿಗೆ ಬದಲು ಹೊಸ ಲೇಹ್ಯ ಆಗಬೇಕಿತ್ತು, ಬಜೆಯೂ ಮುಗಿದಿತ್ತು. ಯುಗಾದಿ ಕಳೆದ ಮೇಲೆ ಅಮ್ಮ ಬೆಳಗಿನ ರೈಲಿಗೆ ಬಂಗಾರಪೇಟೆಯ ಗ್ರಂಥಿಗೆ ಅಂಗಡಿಗೆ ಹೊರಟಳು. "ಕುಂಪಟಿ ಆರೋಕೆ ಬಿಡಬ್ಯಾಡ" ಎಂದು ನನಗೆ ಹೇಳಿದಳು. ಯಾಕೆಂದು ಹೇಳಲಿಲ್ಲ.

ಆ ದಿನವೇ ಕಾಮಸಮುದ್ರದ ಬಸ್ಸಿನಲ್ಲಿ ಅತ್ತಿಗೆಯ ಸೋದರತ್ತೆ ಮುನಿನಾರಾಯಣಮ್ಮ ಬಂದರು. ತಾಯಿಯಿಲ್ಲದ ಹುಡುಗಿಯೆಂದು ಗಂಟಿನಲ್ಲಿ ತುಪ್ಪದ ಗಡಿಗೆ, ಹೆಸರುಬೇಳೆ, ಮಗುವಿಗೆ ತಾವೇ ಹೊಲಿದ ಕೌದಿ ಕಟ್ಟಿಕೊಂಡು ಬಂದಿದ್ದರು. ಕತ್ತಲ ಕೋಣೆಗೆ ಕಾಲಿಟ್ಟು, ಬಿರಿದ ತುಟಿಯ ಕನಕಳನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು.

"ಅಯ್ಯೋ ನನ್ನ ಕಂದಾ, ಇನ್ನೂ ಗಂಗೆಪೂಜೆ ಮಾಡಿಲ್ವಾ? ಇದ್ಯಾವ ಬಾಣಂತನ?"

"ನನ್ನ ಜೈಲಲ್ಲಿ ಇಟ್ಟವ್ರೆ ಅತ್ತೆ. ಒಂದು ಲೋಟ ತಣ್ಣೀರು ಕೊಡಿ, ನಿಮ್ಮ ಕಾಲು ಮುಟ್ತೀನಿ."

ನಾನು, "ಅಮ್ಮ ಬಂದ್ಮೇಲೆ..." ಎಂದೆ. "ನಿಮ್ಮಮ್ಮಂಗೆ ಸೊಸೆ ಬೇಡ ಅಂತ ಕಾಣ್ತದೆ. ನೀನು ಮಗೂನ ಎತ್ಕೋ ಪುಟ್ಟಿ" ಎಂದು ಮುನಿನಾರಾಯಣಮ್ಮ ನನ್ನ ಕೆನ್ನೆ ತಟ್ಟಿದರು. ಅವರ ಕೈ ಬಹಳ ಮೆತ್ತಗಿತ್ತು.

ಕಿಟಕಿಯ ಗೋಣಿ ಕಿತ್ತರು. ಕುಂಪಟಿಯ ಕೆಂಡವನ್ನು ಬಚ್ಚಲಿಗೆ ಸುರಿದು ನೀರು ಹಾಕಿದರು. ನೆಲ ಸಾರಿಸಿದರು, ಅತ್ತಿಗೆಗೆ ತಲೆಗೆ ಎರೆದು ಹೂ ಮುಡಿಸಿದರು. ಬೀದಿಯ ಮುತ್ತೈದೆಯರು ಬಂದರು. ಅತ್ತಿಗೆ ನಲ್ಲಿಗೆ ಅರಿಶಿನ ಹಚ್ಚಿ ಕೈಮುಗಿದು, ಅದೇ ನಲ್ಲಿಗೆ ಬೊಗಸೆಯೊಡ್ಡಿ ಬಿಸಿಲಲ್ಲಿ ನಿಂತು ನೀರು ಕುಡಿದಳು. ಕುಡಿದಳು, ನಕ್ಕಳು, ಮತ್ತೆ ಕುಡಿದಳು. ಮುರಿದ ಹಲ್ಲಿನ ಸಂದಿಯಿಂದ ನೀರು ಗಲ್ಲಕ್ಕೆ ಇಳಿಯಿತು. ಅಷ್ಟು ಚೆಲುವಾಗಿ ಅವಳನ್ನು ನಾನು ಮತ್ತೆ ನೋಡಿಲ್ಲ.

ಬೆಳಗಿನ ಪಾಳಿ ಬಿಟ್ಟಿತೆಂದು ಗಣಿಯ ಸಂಗು ಕೂಗಿತು, ಅಣ್ಣ ಬಂದ. "ಅಳಿಯಂದ್ರೆ, ಎಲ್ಲಾ ಮುಗೀತು. ಇನ್ನ ನಿಮ್ಮ ಮನೆ, ನಿಮ್ಮ ಸಂಸಾರ" ಎಂದರು ಮುನಿನಾರಾಯಣಮ್ಮ. ಅಣ್ಣ ಅವರ ಕಾಲು ಮುಟ್ಟಿದ, ಅವರ ಗಂಟು ತಾನೇ ಹೊತ್ತು ಬಸ್ಸಿಗೆ ಹತ್ತಿಸಿ ಬಂದ. ಬರುವಾಗ ಕುಡಿದಿರಲಿಲ್ಲ.

ಅತ್ತಿಗೆ ಮುದ್ದೆ ಬಡಿಸಿದಳು. ಅವನು ತಟ್ಟೆಯನ್ನು ನೋಡುತ್ತ ಕೂತ.

"ನಲ್ಲಿಗೆ ಇವತ್ತು ನಡ್ಕೊಂಡು ಓದ್ಯಲ್ಲ. ಓದ ತಿಂಗ್ಳು ಕಾಲಿರಲಿಲ್ವಾ?"

"ಅತ್ತಮ್ಮ ಬಿಡ್ಲಿಲ್ಲ."

"ಅವ್ಳು ಬಿಡ್ಲಿಲ್ಲ, ನೀನು ತುಪ್ಪ ತಿಂತಾ ಕೂತೆ. ನನ್ನ ಮಗೂನ ಮೊರದಲ್ಲಿಟ್ಟು ಭಿಕ್ಷೆ ಥರ ತೋರ್ಸಿದ್ರಿ. ಅಲ್ವೇನೇ?"

"ನಾನೇನು ಮಾಡ್ಲಿ..."

ತಟ್ಟೆ ಅವಳ ಮುಖಕ್ಕೆ ಬಡಿಯಿತು. ಆಮೇಲೆ ಗೂಟದಲ್ಲಿದ್ದ ಬೆಲ್ಟು ಅವನ ಕೈಗೆ ಬಂತು. ಅತ್ತಿಗೆ ಓಡಿ ಕೋಣೆಯೊಳಗೆ ಹೋದಳು. ಅವನು ಹೊಸಿಲ ಹತ್ತಿರ ಒಂದು ಗಳಿಗೆ ನಿಂತ. ಹೊಗೆ ಇರಲಿಲ್ಲ. ಒಳಗೆ ಹೋದ.

ಬೆಲ್ಟಿನ ಬಿಲ್ಲೆ ಬಾಗಿಲಿಗೆ, ಗೋಡೆಗೆ, ಮೈಗೆ ಬಡಿದ ಸದ್ದು ಬೇರೆ ಬೇರೆಯಾಗಿ ಕೇಳುತ್ತಿತ್ತು. ಅವಳ ಕೂದಲನ್ನು ಕೈಗೆ ಸುತ್ತಿಕೊಂಡು ತಲೆಯನ್ನು ತೊಟ್ಟಿಲ ಕಂಬಕ್ಕೆ ಗುದ್ದಿದ. ಬಿದ್ದವಳ ಹೊಟ್ಟೆಗೆ ಒದ್ದ. ನಾನು ನಡುಮನೆಯಲ್ಲಿ ಮಲಗಿದ್ದ ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿ ಕಿರುಚಿದೆ. ಗಂಗರತ್ನಮ್ಮ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು. ಗಂಡಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತರು.

ಅದೇ ಹೊತ್ತಿಗೆ ಅಮ್ಮ ಬೀದಿಯ ತಿರುವಿನಲ್ಲಿ ಕಂಡಳು. ನನ್ನನ್ನು ನೋಡಲಿಲ್ಲ. ಗೋಣಿಯಿಲ್ಲದ ಕಿಟಕಿಯನ್ನು, ಅದರಿಂದ ಹೊಗೆ ಬಾರದಿರುವುದನ್ನು ನೋಡಿದಳು. ಕೈಚೀಲ ಹಿಡಿದೇ ಓಡಿದಳು.

ಅಪ್ಪನ ಸ್ನಾನಕ್ಕೆಂದು ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ಅಮ್ಮ ಕೈಚೀಲ ಕೆಳಗೆ ಹಾಕಿ ಚೊಂಬು ಮುಳುಗಿಸಿದಳು. ಕೋಣೆಯ ಹೊಸಿಲಲ್ಲಿ ಒಂದು ಕಾಲು ಹಿಂದಕ್ಕಿಟ್ಟಳು, ತೋಳನ್ನು ಬೆನ್ನ ಹಿಂದಕ್ಕೆ ಒಯ್ದಳು, ಗುರಿ ನೋಡಿ ಬೀಸಿದಳು. ಸೊಂಟಕ್ಕೆ ಬೀಸುವ ಹಾಗೆಯೇ. ನೀರು ಅಣ್ಣನ ತೊಡೆಗೆ ಛಟೀರೆಂದಿತು. ಅವನು ಕೂಗಿದ ಕೂಗಿಗೆ ಬೀದಿಯ ನಾಯಿಗಳು ಬೊಗಳಿದವು. ಅವನು ತಿರುಗುವಷ್ಟರಲ್ಲಿ ಇನ್ನೊಂದು ಚೊಂಬು ಮೊಣಕಾಲಿಗೆ ಬಿತ್ತು.

"ಅಮ್ಮೋ! ಸುಡ್ತದಮ್ಮೋ!"

ಅಮ್ಮ ಮತ್ತೆ ತುಂಬಿಕೊಂಡು ಬಂದು ಹಾಗೇ ಹಿಡಿದು ನಿಂತಳು. ಅವಳ ಬೆರಳುಗಳೂ ಬೆಂದು ಕೆಂಪಾಗಿದ್ದವು. ಬೆಲ್ಟು ಕೆಳಗೆ ಬಿದ್ದ ಮೇಲೆ ಚೊಂಬು ಇಳಿಸಿದಳು.

ಗಂಡಸರು ಆಗ ಬಂದರು. ಅಣ್ಣನನ್ನು ಆಸ್ಪತ್ರೆಗೆ ಹೊತ್ತೊಯ್ದು ಪಟ್ಟಿ ಕಟ್ಟಿಸಿ ತಂದು ನಡುಮನೆಯಲ್ಲಿ ಬಾಳೆಲೆಯ ಮೇಲೆ ಮಲಗಿಸಿದರು. ಕೆಲಸ ಬಿಟ್ಟು ಬಂದ ಅಪ್ಪ ಏನನ್ನೂ ಕೇಳಲಿಲ್ಲ. ಅಮ್ಮನನ್ನು ತುರುಬು ಹಿಡಿದು ಎಳೆದು ಕಂಬಕ್ಕೆ ಗುದ್ದಿ, ಬಳೆಯೆಲ್ಲ ಚೂರಾಗುವಂತೆ ಹೊಡೆದು, ಹೊರಗಿನ ಜಗಲಿಗೆ ತಳ್ಳಿದರು. ಬೀದಿಗೆ ಕೇಳುವಂತೆ ಹೇಳಿದರು:

"ಹೆತ್ತ ಮಗನ್ನ ಬೇಯಿಸಿದವ್ಳಿಗೆ ಈ ಮನೇಲಿ ಅನ್ನ ಇಲ್ಲ. ಯಾರು ಇಕ್ತಾರೋ ಅವ್ರ ಕೈ ಕಡೀತೀನಿ."

ಅಮ್ಮ ಜಗಲಿಯಲ್ಲೇ ಉಳಿದಳು. ಮಾರನೆಯ ಬೆಳಿಗ್ಗೆ ಗಂಗರತ್ನಮ್ಮ ಕಾಫಿ ತಂದಳು. ಅಪ್ಪ ಲೋಟ ಕಸಿದು ಚರಂಡಿಗೆ ಚೆಲ್ಲಿದರು. ಅಂದು ಅವರು ಕೆಲಸಕ್ಕೂ ಹೋಗಲಿಲ್ಲ. ಬಾಗಿಲಿಗೆ ಅಡ್ಡವಾಗಿ ಕೂತು ಒಂದರ ಮೇಲೊಂದು ಬೀಡಿ ಸೇದುತ್ತಿದ್ದರು. ನಾನು ಮುದ್ದೆ ತೊಳಸಿದೆ. ಅಪ್ಪ ಉಂಡರು, ಅಣ್ಣನಿಗೆ ನಾನೇ ಉಣಿಸಿದೆ. ಒಂದು ಮುದ್ದೆಯನ್ನು ಲಂಗದ ಮಡಿಕೆಯಲ್ಲಿಟ್ಟುಕೊಂಡು ಹೊರಟಾಗ ಅಪ್ಪ ನನ್ನ ಮಣಿಕಟ್ಟು ತಿರುಚಿದರು. ಮುದ್ದೆ ನೆಲಕ್ಕೆ ಬಿತ್ತು.

ಮಗುವನ್ನು ಗಂಗರತ್ನಮ್ಮ ರಾತ್ರಿಯೇ ತಂದು ಅತ್ತಿಗೆಯ ಮಗ್ಗುಲಲ್ಲಿ ಮಲಗಿಸಿದ್ದಳು. ಮಧ್ಯಾಹ್ನ ಅತ್ತಿಗೆ ಎದ್ದಳು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಗೋಡೆ ಹಿಡಿದು ಬಚ್ಚಲ ತನಕ ನಡೆದಳು. ಅಲ್ಲಿ ಅಮ್ಮನ ಕೈಚೀಲ ಬಿದ್ದಲ್ಲೇ ಬಿದ್ದಿತ್ತು, ಶುಂಠಿ ಹಿಪ್ಪಲಿ ಚೆಲ್ಲಾಡಿದ್ದವು. ಕೂತು ಒಂದೊಂದನ್ನೇ ಆರಿಸಿದಳು. ಬಜೆಯ ಪೊಟ್ಟಣ ಕೈಗೆ ಬಂದಾಗ ಅದನ್ನು ಮೂಸಿ ನೋಡಿದಳು. ಮೂಸುತ್ತ ಬಹಳ ಹೊತ್ತು ಹಾಗೇ ಕೂತಳು. ಆಮೇಲೆ, "ವರಾ, ಗಂಗರತ್ನಮ್ಮನ ಹತ್ರ ಕೆಂಡ ಇಸ್ಕೊಂಡು ಬಾ. ಜಾಸ್ತಿ ತಾ" ಎಂದು ನನ್ನನ್ನು ಕಳಿಸಿದಳು.

ಕಿಟಕಿಗೆ ಗೋಣಿ ಕಟ್ಟಿದೆವು. ಕುಂಪಟಿಯಿಂದ ಹೊಗೆ ಎದ್ದು ನಡುಮನೆಗೆ ಬಂತು. ಮಲಗಿದ್ದ ಅಣ್ಣ ಕತ್ತೆತ್ತಿದ.

"ಗಂಗೆಪೂಜೆ ಆಯ್ತಲ್ಲೇ. ಮತ್ಯಾಕೆ ಹೊಗೆ?"

"ಮೈಯೆಲ್ಲ ಒಡೆದೈತೆ. ಮತ್ತೆ ರಕ್ತ ಓಗ್ತೈತೆ" ಎಂದಳು ಅತ್ತಿಗೆ ಒಳಗಿನಿಂದ. "ನಾನು ಇನ್ನೂ ಬಾಣಂತಿನೇ."

"ಎಷ್ಟು ದಿನ?"

"ಅತ್ತಮ್ಮ ಹೇಳೋ ಗಂಟ."

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಅವನ ಕೈ ತಾನಾಗಿ ತೊಟ್ಟಿಲ ಹಗ್ಗವನ್ನು ಹುಡುಕಿತು. ಹಗ್ಗ ಒಳಗಿತ್ತು.

ಅತ್ತಿಗೆ ತನ್ನ ಹಿತ್ತಾಳೆ ತಟ್ಟೆ ತೊಳೆದಳು. ನನ್ನ ಕೈಲಿ ಅನ್ನ ಬಸಿಸಿದಳು. ಬಿಸಿ ಅನ್ನದ ನಡುವೆ ಹೆಬ್ಬೆರಳಿಂದ ಗುಳಿ ಮಾಡಿ, ಮೆಣಸು ಬೆಳ್ಳುಳ್ಳಿ ಪುಡಿ ಹಾಕಿ, ಸೋದರತ್ತೆ ತಂದ ತುಪ್ಪ ಬಿಟ್ಟಳು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಡುಮನೆ ದಾಟಿ ಮುಂಬಾಗಿಲಿಗೆ ಬಂದಳು. ಮೈಯಿಂದ, ಕೂದಲಿಂದ ಹೊಗೆಯ ವಾಸನೆ ಬರುತ್ತಿತ್ತು.

ಅಪ್ಪ ಎದ್ದು ನಿಂತು ಕೈ ಎತ್ತಿದರು. ತಟ್ಟೆಯನ್ನು ನೋಡಿದರು. ಅದು ಬಾಣಂತಿಯ ತಟ್ಟೆ, ನಾಳೆ ಬೆಳಿಗ್ಗೆ ಅವರು ಕೇಜಿಗೆ ಇಳಿಯಬೇಕು. ಎತ್ತಿದ ಕೈ ಅಲ್ಲೇ ನಿಂತಿತು. ಅವಳ ಸೆರಗು ತಾಗದ ಹಾಗೆ ಅವರು ಗೋಡೆಗೆ ಸರಿದರು.

ಜಗಲಿಯಲ್ಲಿ ಅಮ್ಮ ಬೆಂದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಬೀದಿಯ ನಲ್ಲಿಯನ್ನು ನೋಡುತ್ತ ಕೂತಿದ್ದಳು. ಅತ್ತಿಗೆ ಅವಳ ಬಲಗಡೆಗೆ, ಕೇಳಿಸುವ ಕಿವಿಯ ಕಡೆಗೆ ಬಂದು ಕುಕ್ಕರಗಾಲಿನಲ್ಲಿ ಕೂತಳು. ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟಳು.